ಸಿಡಿಯದ ಗಾಜು

ಮಚ್ಛೇಂದ್ರ ಬೀದರದ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ನನ್ನ ಜೊತೆ ಹಮಾಲಿ ಮಾಡುತ್ತಿದ್ದ. ಮೈಲೂರಿನಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ತೊಗರಿ ಚೀಲ ಹೊತ್ತು ಹೊತ್ತು ಅವನ ಬಲ ಹೆಗಲು ಇಳಿದಿತ್ತು. ಬೆರಳು ಮಾತ್ರ ಅಕ್ಕಸಾಲಿಗನವು.

ಒಡೆದ ಬಳೆ ಚೂರು ಕೂಡಿಸುವುದು ಅವನ ಹುಚ್ಚು. ಸುಣ್ಣ ಬಳಿದ ಹೆಂಚಿನ ಮೇಲೆ ಚೂರುಗಳನ್ನು ಹೂವಿನ ಹಾಗೆ, ನವಿಲಿನ ಹಾಗೆ ಜೋಡಿಸಿ, ಹಿತ್ತಲಲ್ಲಿ ತಾನೇ ಕಟ್ಟಿದ ಮಣ್ಣಿನ ಭಟ್ಟಿಯಲ್ಲಿ ಇಡುತ್ತಿದ್ದ. ಇದ್ದಲು ತುಂಬಿ ತಿದಿ ಒತ್ತಿದರೆ ಚೂರುಗಳು ಮೆತ್ತಗಾಗಿ, ಒಂದಕ್ಕೊಂದು ಹತ್ತಿಕೊಂಡು ಒಂದೇ ಬಿಲ್ಲೆಯಾಗುತ್ತಿದ್ದವು. ಆಮೇಲೆ ಭಟ್ಟಿಯ ಬಾಯಿ ಮುಚ್ಚಿ ಎರಡು ದಿನ ಬೂದಿಯಲ್ಲೇ ಆರಲು ಬಿಡುತ್ತಿದ್ದ. ಮಾರಿದ್ದಿಲ್ಲ. ಕೇಳಿದವರಿಗೆ ಕೊಡುತ್ತಿದ್ದ.

"ಹೆಂಗಸರ ಬಳಿ ಚೂರ ಆರಸ್ಕೋತ ಹೊಂಟಾನ ನೋಡ್ರಿ ಪೈಲ್ವಾನ," ಎಂದು ಗಂಜಿನವರು ನಗುತ್ತಿದ್ದರು.

"ನಿಂದೂ ಒಡದ್ರ ತಂದ್ಕೊಡಪಾ," ಎನ್ನುತ್ತಿದ್ದ ಮಚ್ಛೇಂದ್ರ.

ಬೇರೆ ಬೇರೆ ಕುಲುಮೆಯ ಗಾಜು ಕೂಡಿ ಬಾಳುವುದಿಲ್ಲ. ಆರುವಾಗ ಬೂದಿಯೊಳಗೇ ಟಕ್ ಎಂದು ಸಿಡಿಯುತ್ತದೆ. ಒಮ್ಮೊಮ್ಮೆ ತಿಂಗಳಾದ ಮೇಲೆ, ಗೂಡಿನಲ್ಲಿ ಇಟ್ಟಲ್ಲೇ, ಯಾರೂ ಮುಟ್ಟದೆ ಸಿಡಿಯುತ್ತದೆ. ನಮ್ಮ ಮನೆಯ ನವಿಲು ಹಾಗೆ ಸಿಡಿದಾಗ ನನ್ನ ಹೆಂಡತಿ ಗುಂಡಮ್ಮ ಅದನ್ನು ಮುಟ್ಟಲಿಲ್ಲ, ನನ್ನ ಕೈಲೇ ಹೊರಗೆ ಹಾಕಿಸಿದಳು. ಒಂದೇ ಸಲ ಕರಗಿಸಿದ ಗಾಜು ಮಾತ್ರ ಸದ್ದಿಲ್ಲದೆ ಕೂಡುತ್ತದೆ ಎಂದು ಮಚ್ಛೇಂದ್ರ ಹೇಳುತ್ತಿದ್ದ.

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರುವ ವಾರ, ಎದುರು ಮನೆಯ ಖುರ್ಷಿದ ಬೇಗಂ ತಗಡಿನ ಡಬ್ಬಿ ಹಿಡಿದು ಬಂದಳು. ಅವಳ ಗಂಡ ಕುತುಬೋದ್ದೀನ ಬಳೆ ಮಾರುವವ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋದ ವರ್ಷ, ದಾರಿಬದಿಯ ಬಾವಿಗಳಲ್ಲಿ ಹೆಣ ಬಿದ್ದ ಗದ್ದಲದ ದಿನಗಳಲ್ಲೇ, ಬಳೆ ಗಂಟು ಹೊತ್ತು ಭಾಲ್ಕಿಗೆ ಹೋದವನು ತಿರುಗಿ ಬರಲಿಲ್ಲ. ಎಂಟು ವರ್ಷವಾಗಿತ್ತು.

"ಹೋಗೋ ಮುಂಜಾನಿ ಹೊಸಾ ಗಂಟ ಬಿಚ್ಚಿ ನನ್ನ ಎರಡೂ ಕೈಗಿ ಆರಾರು ಹಸರ ಬಳಿ ಹಾಕ್ದ. ಉಳದದ್ದು ಕಟಗೊಂಡು ಹೋದ," ಎಂದಳು. "ಒಂದೊಂದೇ ಒಡದ್ವು. ನಿನ್ನಿ ಬೀಸೋಮುಂದ ಕಡೀದೂ ಹೋಯ್ತು. ಉಸ್ಮಾನ ಭಾಯಿ ಅಂತಾನ, ಇನ್ನ ಇದ್ದತ್ ಕೂಡು ಅಂತ."

ಉಸ್ಮಾನ ಮಿಯಾ ಅವಳ ಅಣ್ಣ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂಡುವುದು ಇದ್ದತ್.

"ಸತ್ತಾನಂತ ಯಾರ್ ನೋಡ್ಯಾರ? ಇವೆಲ್ಲಾ ಕೂಡ್ಸಿ ಒಂದ್ ಬಿಲ್ಲಿ ಮಾಡ್ಕೊಡು ಮಚ್ಛೇಂದ್ರ. ಕೊರಳಾಗ ಹಾಕ್ಕೋತೇನಿ. ಅವನ ಕೈಯಿಂದ ಬಂದದ್ದು ಮೈಮ್ಯಾಲ ಇಡಿಯಾಗಿ ಇರೋತನ ನಾ ಅವನ ಹೆಂಡ್ತಿನೇ. ಬ್ಯಾರೆ ಗಾಜ ಒಂದ್ ಚೂರೂ ಕೂಡಸಬ್ಯಾಡ."

"ಕೂಡಸೂದಿಲ್ಲ ಭಾಭಿ," ಎಂದ.

ಕಡೆಯ ಬಳೆ ಬೀಸುಕಲ್ಲಿನಡಿ ಪುಡಿಯಾಗಿತ್ತು. ಹೇಗೆ ಜೋಡಿಸಿದರೂ ಅಂಚಿನಲ್ಲಿ ಉಗುರಿನಷ್ಟು ಸಂದು ಉಳಿಯಿತು. ಮಚ್ಛೇಂದ್ರ ತನ್ನ ಪೆಟ್ಟಿಗೆ ಕೆದಕಿ ಅದೇ ಹಸಿರಿನ ಚೂರೊಂದು ತೆಗೆದ.

"ಅದು ಎಲ್ಲೀದೋ?" ಎಂದೆ.

"ಭಾಲ್ಕಿ ದಾರಿ ಹಾಳಬಾವೀದು. ನೀನೂ ಇದ್ದೆಲ್ಲ."

ಗದ್ದಲದ ಮರುವರ್ಷ ಗಾಡಿ ಹೊಡೆದುಕೊಂಡು ಹೋದಾಗ ಆ ಬಾವಿಯ ಹತ್ತಿರ ಎತ್ತು ಬಿಚ್ಚಿದ್ದೆವು. ಬಾವಿ ಕಟ್ಟೆಯ ಕೆಳಗೆ ಅರ್ಧ ಬುಟ್ಟಿಯಷ್ಟು ಹಸಿರು ಚೂರು ಮಣ್ಣಲ್ಲಿ ಹೂತಿತ್ತು. ಮುಟ್ಟಬೇಡ ಎಂದಿದ್ದೆ. ಅವನು ಒಂದು ಹಿಡಿ ತಂದಿದ್ದ.

"ಆಕಿ ಬ್ಯಾಡ ಅಂದಾಳ."

"ಸಂದ ಬಿಟ್ರ ಬಿಲ್ಲಿ ಕೂಡೂದಿಲ್ಲ. ಸಿಡದ್ರ ಮತ್ತ ಮಾಡೂಣು."

ಭಟ್ಟಿಗೆ ಇಟ್ಟ ಮೂರನೆಯ ದಿನ ನವೆಂಬರ್ ಒಂದು. ಉಸ್ಮಾನ ಮಿಯಾ ಗಂಜಿಗೆ ಹೋಗುತ್ತಾ ಕರೆದ. "ಬರ್ರೋ, ಇವತ್ತಿಂದ ಮೈಸೂರ್ನೋರು ನಾವು."

"ಮೈಸೂರ ಯಾ ಕಡಿ ಅದರಿ?" ಎಂದೆ.

"ಯಾರಿಗಿ ಗೊತ್ತು. ಪೇಢೆ ಮಾತ್ರ ಗಂಜನಾಗ ಅವ."

ಓಣಿಯೆಲ್ಲ ಗಂಜಿಗೆ ಹೋಯಿತು. ಮಟಮಟ ಮಧ್ಯಾಹ್ನ, ಒಂದು ನಾಯಿಯ ಸದ್ದೂ ಇರಲಿಲ್ಲ. ಎರಡು ದಿನದಿಂದ ಮಚ್ಛೇಂದ್ರ ಭಟ್ಟಿಗೆ ಕಿವಿಗೊಟ್ಟು ಕೂತಿದ್ದ. ಟಕ್ ಎನ್ನಬೇಕಾದದ್ದು ಅಂದಿರಲಿಲ್ಲ. ಬೂದಿ ಸರಿಸಿ ಬಿಲ್ಲೆ ತೆಗೆದು ಬಿಸಿಲಿಗೆ ಹಿಡಿದ. ಗೆರೆಯಿಲ್ಲ, ಸೀಳಿಲ್ಲ. ಬಾವಿಯ ಚೂರು ಎಲ್ಲಿ ಕೂತಿದೆ ಎಂದು ಇಬ್ಬರೂ ತಿರುಗಿಸಿ ನೋಡಿದೆವು. ಸಿಗಲಿಲ್ಲ.

"ಚೊಲೊ ಆಯ್ತಲ್ಲ," ಎಂದೆ.

"ವೈಜಿನಾಥ, ಇದು ಕೂಡಬಾರದಿತ್ತು."

ಎರಡೂ ಒಂದೇ ಗಂಟಿನ ಗಾಜು ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಆ ಬಿಲ್ಲೆ ಮುಟ್ಟಲಾಗಲಿಲ್ಲ.

ಅವನು ವಾರ ಕೆಲಸಕ್ಕೆ ಬರಲಿಲ್ಲ. ಬಾವಿಯ ಚೂರಿಗೆ ಅಂಗಡಿಯ ಹಸಿರು ಚೂರು ಕೂಡಿಸಿ ನೋಡಿದ. ಸಿಡಿಯಿತು. ಅವಳ ಡಬ್ಬಿಯ ತಳದ ಪುಡಿ ಕೂಡಿಸಿದ. ಸದ್ದಿಲ್ಲ. ಮತ್ತೆ ಮಾಡಿದ. ಮತ್ತೆ ಸದ್ದಿಲ್ಲ. ದಿನಾ ಖುರ್ಷಿದ ಬೇಗಂ ಬಾಗಿಲಿಗೆ ಬಂದು ಕೇಳುತ್ತಿದ್ದಳು. "ಆರಿಲ್ಲೇನು?"

"ಇನ್ನೂ ಇಲ್ಲ ಭಾಭಿ."

"ಸುಮ್ನ ಕೊಟ್ಬಿಡು," ಎಂದೆ ನಾನು. "ಆಕಿ ನಂಬಗಿ ಆಕಿಗಿ."

"ಆಕಿ ಕೊರಳಿಗಿ ಆ ಬಾವಿ ಕಟ್ಲೇನು?"

ಮರುದಿನ ಅವನೇ ಬಿಲ್ಲೆ ಒಯ್ದು ಕೊಟ್ಟ. ಹೇಳಬೇಕೆಂದೇ ಹೋಗಿದ್ದ. ಅವಳು ಹೆಬ್ಬೆರಳಿನಿಂದ ಅಂಚು ಸವರುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು.

"ಇದು ನಂದಲ್ಲ. ಎಲ್ಲಿಂದ ತಂದಿ?"

ಮಚ್ಛೇಂದ್ರ ಎಲ್ಲ ಹೇಳಿದ. ಬಾವಿ, ಚೂರು, ಸಿಡಿಯದೆ ಕೂಡಿದ್ದು. "ತಪ್ಪ ನಂದು ಭಾಭಿ. ಬ್ಯಾರೆಯವನ ಗಂಟೂ ಇರಬಹುದು," ಎಂದ.

ಅವಳು ಅಳಲಿಲ್ಲ. "ಗಾಡಿ ಕಟ್ಟು," ಎಂದಳು.

ಬಾವಿ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು. ನಾನು ಎತ್ತು ಹಿಡಿದು ನಿಂತೆ. ಮಚ್ಛೇಂದ್ರ ಬಗ್ಗಿ ಕೆಮ್ಮಿದರೆ ಬಾವಿಯೂ ಕೆಮ್ಮಿತು. ಖುರ್ಷಿದ ಬೇಗಂ ಕಟ್ಟೆ ಹಿಡಿದು ಬಗ್ಗಿದಳು. ಅವಳ ಬಾಯಲ್ಲಿ ಗಂಡನ ಹೆಸರು ನಾವು ಎಂದೂ ಕೇಳಿರಲಿಲ್ಲ. ಅಂದು ಗಟ್ಟಿಯಾಗಿ ಕರೆದಳು.

"ಕುತುಬೋದ್ದೀನ."

ಬಾವಿ ತಿರುಗಿ ಅನ್ನಲಿಲ್ಲ. ಇನ್ನೊಮ್ಮೆ ಕರೆದಳು. ಆಗಲೂ ಇಲ್ಲ. ಎತ್ತು ಕೊರಳು ಕೊಡವಿದಾಗ ಗಂಟೆಯ ಸದ್ದು ಮಾತ್ರ ಒಳಗೆ ಹೋಗಿ ತಿರುಗಿ ಬಂತು.

"ಬಾವಿ ಹೆಸರ ಇಟ್ಕೊಂಡ್ತು. ಇಲ್ಲೇ ಹಾನ," ಎಂದಳು.

ಕಟ್ಟೆಯ ಕೆಳಗೆ ಕೈಯಿಂದಲೇ ಮಣ್ಣು ಕೆದಕಿ, ಅಲ್ಲಿ ಇನ್ನೂ ಉಳಿದಿದ್ದ ಹಸಿರು ಚೂರುಗಳ ನಡುವೆ ಬಿಲ್ಲೆ ಇಟ್ಟಳು. ಮೂರು ಹಿಡಿ ಮಣ್ಣು ಹಾಕಿದಳು. ಮಚ್ಛೇಂದ್ರನೂ ಹಾಕಿದ. ನಾನೂ ಹಾಕಿದೆ.

ತಿರುಗಿ ಬರುವಾಗ ಉಸ್ಮಾನ ಮಿಯಾನ ಮನೆ ಮುಂದೆ ಗಾಡಿ ನಿಲ್ಲಿಸಲು ಹೇಳಿದಳು. ಅಣ್ಣ ಹೊರಗೆ ಬಂದ.

"ಭಾಯಿ, ಇವತ್ತಿಂದ ಇದ್ದತ್ತಿನ ದಿನ ಎಣಸು," ಎಂದಳು. ಆಮೇಲೆ ತನ್ನ ಮನೆಗೆ ನಡೆದು ಹೋಗಿ ಒಳಗಿನಿಂದ ಅಗುಳಿ ಹಾಕಿಕೊಂಡಳು.