ಅವರಿಗೆಂದು ಹಾಕಿದ ಎಲೆ

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ನನಗೆ ಖಚಿತವಿಲ್ಲ. ನೆನಪನ್ನು ಸಾಕ್ಷಿಯೆಂದು ಸುಮ್ಮನೆ ಒಪ್ಪಬಾರದು ಎಂದು ತರಗತಿಯಲ್ಲಿ ಪಾಠ ಹೇಳುವವನು ನಾನು. ಆದರೂ ಹೋದ ತಿಂಗಳು ಸಾಗರದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ, ಪಾರ್ಸೆಲ್ ಕಟ್ಟುವವನು ಬಾಳೆ ಎಲೆಯೊಂದನ್ನು ಉರಿಗೆ ಹಿಡಿದು ಬಾಡಿಸಿದಾಗ, ಆ ಹಸಿರು ಬೆಂದ ವಾಸನೆಗೆ ಬಂದ ಕೆಲಸ ಮರೆತು ನಿಂತುಬಿಟ್ಟೆ. ತೀರ್ಥಹಳ್ಳಿಯ ಒಂದು ಅಡುಗೆಮನೆ... ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಬಾಡಿಸುತ್ತಿದ್ದ ಒಬ್ಬ ಹೆಂಗಸು.

ಡಿಗ್ರಿ ಓದುವಾಗ ನಾನು ಅವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಊಟವೂ ಅಲ್ಲೇ. ಅಲ್ಲಿ ಉಣ್ಣುತ್ತಿದ್ದ ನಾವು ಹುಡುಗರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಗಂಡ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರಂತೆ. ನಾನು ಅಲ್ಲಿಗೆ ಹೋಗುವ ಹಿಂದಿನ ವರ್ಷ, ಆಷಾಢದ ಒಂದು ಬೆಳಿಗ್ಗೆ ತುಂಗೆಗೆ ಸ್ನಾನಕ್ಕೆ ಹೋದವರು ವಾಪಸ್ ಬರಲಿಲ್ಲ. ಬಂಡೆಯ ಮೇಲೆ ಚಪ್ಪಲಿ, ಟವೆಲ್ಲು ಇದ್ದವು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ಮರುದಿನವೇ ಅಕ್ಕ ಹೊಸನಗರದ ಕಡೆಯಿರುವ ಮನೆದೇವರ ಗುಡಿಗೆ ಹೋಗಿ ಹೂ ಕೇಳಿದರು. ನೀರಲ್ಲಿ ಅದ್ದಿದ ಎಸಳುಗಳನ್ನು ವಿಗ್ರಹದ ಎರಡೂ ಬದಿಗೆ ಅಂಟಿಸಿ, ಮನಸ್ಸಿನ ಪ್ರಶ್ನೆ ಹೇಳಿಕೊಂಡು ಕಾಯುತ್ತಾರೆ. ಮೊದಲು ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಬದುಕಿದ್ದಾರೆಯೇ ಎಂದು ಕೇಳಿದ್ದಕ್ಕೆ ಬಲದ ಎಸಳು ಬಿತ್ತು. ಅಕ್ಕನ ಪಾಲಿಗೆ ಅಲ್ಲಿಗೆ ಮಾತು ಮುಗಿಯಿತು.

ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಗೋಡೆಯ ಬದಿಯಲ್ಲಿ ಒಂದು ಎಲೆ ಹೆಚ್ಚಿಗೆ ಬೀಳುತ್ತಿತ್ತು. ಉಪ್ಪು, ಪಲ್ಯ, ಅನ್ನ ಎಲ್ಲವನ್ನೂ ಬಡಿಸಿ, ಶಿವಮೊಗ್ಗದ ಬಸ್ಸು ಬಂದು ಹೋಗುವವರೆಗೂ ಕಾಯುತ್ತಿದ್ದರು. ಆಮೇಲೆ ಬಾಗಿಲಿಗೆ ಹೋಗಿ, ಕಣ್ಣಿಗೆ ಬಿದ್ದ ಹಸಿದವರನ್ನು ಕರೆಯುತ್ತಿದ್ದರು. "ಅವರು ಇವತ್ತೂ ತಡ. ನೀವು ಕೂತ್ಕೊಳ್ಳಿ." ಆಸ್ಪತ್ರೆಗೆ ಬಂದು ಬಸ್ಸು ತಪ್ಪಿಸಿಕೊಂಡ ಮುದುಕಿಯರು, ಕಚೇರಿಗೆ ಅಲೆದು ಸುಸ್ತಾದವರು, ಬಸ್ಸಿನ ಕ್ಲೀನರ್‌ಗಳು... ಆ ಎಲೆ ಖಾಲಿ ಉಳಿದದ್ದು ನನಗೆ ನೆನಪಿಲ್ಲ. ಮನೆಯಿಂದ ದುಡ್ಡು ಬಾರದ ತಿಂಗಳುಗಳಲ್ಲಿ ನಾನೂ ಅಲ್ಲೇ ಉಂಡಿದ್ದೇನೆ. ಸತ್ತವನ ಎಲೆಯಲ್ಲಿ ಉಣ್ಣುತ್ತಿದ್ದೇನೆ ಎಂಬ ಅಳುಕು ಮಾತ್ರ ಹೋಗುತ್ತಿರಲಿಲ್ಲ.

ಒಬ್ಬ ಕ್ಲೀನರ್ ಮಾತ್ರ ಕೀಟಲೆ ಮಾಡುತ್ತಿದ್ದ. "ಅಕ್ಕ, ನಾ ಉಣ್ತಾ ಇರುವಾಗ್ಲೇ ಅಣ್ಣ ಬಂದ್ಬಿಟ್ರೆ ಎಬ್ಬಿಸ್ತೀರಾ?"

"ಅವರು ನಿನ್ನ ಹಂಗೆ ಗಡಿಬಿಡಿ ಗಿರಾಕಿ ಅಲ್ಲ. ಕಾಯ್ತಾರೆ. ನೀ ಸಾರು ಹಾಕಿಸ್ಕೋ."

ನಮ್ಮಂಥ ನಾಲ್ಕು ಹುಡುಗರಿಗೆ ಊಟ ಹಾಕಿ ಬದುಕುವ ಮನೆ ಅದು. ಅಕ್ಕಿ ಡಬ್ಬಿಯ ತಳ ಕಾಣುತ್ತಿದ್ದ ದಿನವೂ ಅಕ್ಕ ಒಬ್ಬರ ಅನ್ನ ಕಡಿಮೆ ಮಾಡಲಿಲ್ಲ. ವಿಚಿತ್ರವೆಂದರೆ ಡಬ್ಬಿ ಎಂದೂ ಪೂರ್ತಿ ಬರಿದಾಗಲೂ ಇಲ್ಲ. ಯಾವಾಗಲೋ ಉಂಡು ಹೋದವರು ಹಲಸಿನಕಾಯಿ ಇಳಿಸಿ ಹೋಗುತ್ತಿದ್ದರು, ಗೊನೆ ತರುತ್ತಿದ್ದರು, ಒಬ್ಬರು ಅಕ್ಕಿಯ ಚೀಲವನ್ನೇ ಜಗಲಿಗೆ ಹಾಕಿ ಹೆಸರೂ ಹೇಳದೆ ಹೋದರು. ಅಕ್ಕ ಅದನ್ನು ದೇವರು ಕೊಟ್ಟದ್ದು ಎನ್ನುತ್ತಿದ್ದರು. ಉಂಡವರು ಋಣ ತೀರಿಸುತ್ತಾರೆ, ಇದರಲ್ಲಿ ಪವಾಡವೇನಿಲ್ಲ ಎಂದು ನಾನು ವಾದಿಸುತ್ತಿದ್ದೆ. ಹೂವಿನ ಬಗ್ಗೆಯೂ ವಾದಿಸಿದ್ದೆ. ನೀರು ಆರಿದರೆ ಎಸಳು ಬೀಳಲೇಬೇಕು, ಮೊದಲು ಆರಿದ ಕಡೆಯದು ಮೊದಲು ಬೀಳುತ್ತದೆ ಎಂದು.

"ಹೌದು ಮಾರಾಯ, ಆರಿಯೇ ಬಿದ್ದದ್ದು," ಎಂದರು ಅಕ್ಕ, ಸೌತೆಕಾಯಿ ಹೆಚ್ಚುತ್ತ. "ನಾ ಬೇರೆ ಎಂತ ಹೇಳಿದೆ?"

ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಅವರಿಗಿದ್ದ ನೆಮ್ಮದಿ ಕಂಡು ನನಗೇ ಕಿರಿಕಿರಿಯಾಗುತ್ತಿತ್ತು.

ಆ ನೆಮ್ಮದಿಯನ್ನು ಕದಲಿಸಲು ಬರುತ್ತಿದ್ದವರು ಅವರ ಮೈದುನ, ರಿಪ್ಪನ್‌ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದವರು. ಹೆಣ ಸಿಗದಿದ್ದರೆ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಸುಟ್ಟು ಕ್ರಿಯೆ ಮುಗಿಸುವ ಪದ್ಧತಿಯಿದೆ. ಅದಾಗದೆ ಅಣ್ಣನಿಗೆ ಗತಿಯಿಲ್ಲ ಎಂಬುದು ಅವರ ಸಂಕಟ. ಅದಾದರೆ ಅಕ್ಕ ಕುಂಕುಮ ಅಳಿಸಬೇಕು, ಗೋಡೆ ಬದಿಯ ಎಲೆ ತೆಗೆಯಬೇಕು. ಒಮ್ಮೆ ಅವರು ದರ್ಭೆಯ ಕಟ್ಟು ಹಿಡಿದು, ಪುರೋಹಿತರನ್ನೂ ಕರೆದುಕೊಂಡೇ ಬಂದರು. ನಾನು ಜಗಲಿಯಲ್ಲಿದ್ದೆ.

"ಅತ್ತಿಗೆ, ಅವನು ಎಲ್ಲಿ ಅಲೀತಿದಾನೋ ಏನೋ. ಕಳಿಸಿಕೊಡಿ ಅವನನ್ನ," ಎಂದರು ಮೈದುನ. ಅವರ ದನಿ ಒಡೆದಿತ್ತು.

"ಬದುಕಿದ್ದವರನ್ನ ಸುಡಕ್ಕೆ ನಾ ಒಪ್ಪಲ್ಲ," ಎಂದರು ಅಕ್ಕ. ಆಮೇಲೆ ಪುರೋಹಿತರ ಕಡೆ ತಿರುಗಿ, ಅಷ್ಟು ದೂರದಿಂದ ಬಂದಿದ್ದೀರಿ, ಊಟ ಮಾಡಿಕೊಂಡು ಹೋಗಿ ಎಂದರು. ಪುರೋಹಿತರು ಆ ಎಲೆಯ ಮುಂದೆಯೇ ಕೂತು ಉಂಡರು. ಅಥವಾ ಅದು ಬೇರೊಂದು ದಿನವೋ...

ನಾನು ಎಂ.ಎ. ಓದಲು ಹೋದೆ, ಕೆಲಸ ಸಿಕ್ಕಿತು, ಸಾಗರಕ್ಕೆ ಬಂದೆ. ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದು ನೋಡಲು ಹೋದಾಗ ಅವರು ಹಾಸಿಗೆಯಲ್ಲಿದ್ದರು. ಕೈಕಾಲು ಕಡ್ಡಿಯಾಗಿದ್ದವು. ಅಡುಗೆಗೆ ಯಾರೋ ನೆಂಟರ ಹೆಂಗಸು ಬಂದಿದ್ದಳು. ಮಲಗಿದಲ್ಲಿಂದಲೇ ಅಕ್ಕ ಅವಳಿಗೆ ಎಲೆ ಹಾಕಿದೆಯಾ ಎಂದು ಕೇಳುತ್ತಿದ್ದರು. ನೋವು ಬಂದಾಗ ಮನೆಯ ಹೊರಗೂ ಕೇಳುವಂತೆ ಕಿರುಚುತ್ತಿದ್ದರು. ನೋವು ಇಳಿದ ಮೇಲೆ ಮತ್ತೆ ಅದೇ ಮುಖ. ಆ ಹೊತ್ತಿನಲ್ಲಿ ನನ್ನ ಕೈಹಿಡಿದು, "ನಂಗೆಂತ ಕಮ್ಮಿ ಆಗಿದೆ ಹೇಳು?" ಎಂದರು.

ಅವರು ತೀರಿಕೊಂಡ ದಿನ ಅಂಗಳದಲ್ಲಿ ಜಗಳವಾಯಿತು. ಗಂಡನಿಗಿಂತ ಮೊದಲು ಹೋದ ಮುತ್ತೈದೆಯೆಂದು ಹೂ, ಹಸಿರು ಬಳೆ, ಕುಂಕುಮವಿಟ್ಟು ಕಳಿಸಬೇಕೋ, ವಿಧವೆಯೆಂದು ಬೋಳು ಹಣೆಯಲ್ಲೋ. ಹೆಣವನ್ನು ಮಲಗಿಸಿಕೊಂಡೇ ಹೆಂಗಸರು ವಾದಿಸಿದರು. ಮೈದುನ ಕಂಬಕ್ಕೊರಗಿ ಕೂತಿದ್ದರು. ಕುಂಕುಮವಿಟ್ಟೇ ಕಳಿಸಿದರು ಎಂದು ನನ್ನ ನೆನಪು. ಚಟ್ಟ ಎತ್ತುವಾಗ ಆ ಕೆಂಪು ಕಂಡ ಹಾಗಿದೆ. ಆದರೆ ಅದು ನಾನು ಕಾಣಬಯಸಿದ್ದೂ ಹೌದು.

ಹೋಟೆಲಿನ ಆ ವಾಸನೆಯ ನಂತರ ಇದೊಂದನ್ನಾದರೂ ಖಚಿತ ಮಾಡಿಕೊಳ್ಳೋಣವೆಂದು ರಿಪ್ಪನ್‌ಪೇಟೆಗೆ ಹೋದೆ. ಮೈದುನರಿಗೆ ಈಗ ಕಣ್ಣು ಮಂಜು. ಕುಂಕುಮದ ವಿಷಯ ತನಗೆ ನೆನಪಿಲ್ಲ ಎಂದರು. ಕುಂಕುಮ ಇರಲಿಲ್ಲ ಎಂದು ಅವರ ಹೆಂಡತಿ ಹೇಳಿದರು, ಇತ್ತು ಎಂದು ಮಗಳು ಹೇಳಿದಳು. ಏಳುವ ಹೊತ್ತಿಗೆ ಮೈದುನ ನಾನು ಕೇಳದ್ದನ್ನು ಹೇಳಿದರು. ಅಣ್ಣ ಕಾಣೆಯಾದ ವಾರದಲ್ಲಿ ತೀರ್ಥಹಳ್ಳಿಯಿಂದ ಕೆಳಗೆ, ಮಂಡಗದ್ದೆಯ ಹತ್ತಿರ ಅದೇ ಹೊಳೆಯಲ್ಲಿ ಒಂದು ಹೆಣ ಸಿಕ್ಕಿತ್ತು. ಅತ್ತಿಗೆಯನ್ನು ತಾವೇ ಕರೆದುಕೊಂಡು ಹೋಗಿದ್ದರು.

"ಮುಖ ಇರ್ಲಿಲ್ಲ. ಆದ್ರೆ ಕಾಲು ನಮ್ಮಣ್ಣಂದೇ, ನಂಗೊತ್ತಾಗಲ್ವಾ? ಅತ್ತಿಗೆ ಅಲ್ಲ ಅಂದ್ರು. ಕಟ್ಕೊಂಡೋಳೇ ಅಲ್ಲ ಅಂದ್ಮೇಲೆ ನಾ ಎಂತ ಹೇಳ್ಲಿ?" ವಾರಸುದಾರರಿಲ್ಲದ ಹೆಣವೆಂದು ಪೊಲೀಸರೇ ಮಣ್ಣು ಮಾಡಿಸಿದರಂತೆ.

ಮುದುಕರ ನೆನಪು, ನಂಬುವುದು ಹೇಗೆ? ತೀರ್ಥಹಳ್ಳಿಯಲ್ಲಿ ಅಕ್ಕನ ಮನೆ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿಯಿದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಮುಂದಿನ ಬಸ್ಸು ಹಿಡಿದು ಮಂಡಗದ್ದೆಗೆ ಹೋದೆ. ಆ ದಿನ ಹೆಣ ಎಳೆದವರಲ್ಲಿ ಒಬ್ಬರು ಬದುಕಿದ್ದಾರೆ. ನಾನು ಮೈದುನರ ಮಾತನ್ನು ಅವರಿಗೆ ಹೇಳಲಿಲ್ಲ. ತೀರ್ಥಹಳ್ಳಿಯಿಂದ ಹೆಂಗಸೊಬ್ಬರು ಬಂದಿದ್ದರೇ ಎಂದಷ್ಟೇ ಕೇಳಿದೆ. ಬಂದಿದ್ದರು ಎಂದರು. ಆಕೆ ತುಂಬ ಹೊತ್ತು ನೋಡಿದರು, ತನ್ನವರಲ್ಲ ಎಂದು ಪೊಲೀಸರಿಗೆ ಹೇಳಿದರು, ಆಮೇಲೆ ಬಗ್ಗಿ ಆ ಹೆಣದ ಎರಡೂ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು.