ಅಪ್ಪ ಕೈಮುಗಿದ ಏಳು ಹೆಸರುಗಳು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಓದು ಬರಹ ಬಲ್ಲವನು ನಾನೊಬ್ಬನೇ. ಮಮದಾಪುರದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಮೂಡಲಗಿ ಸಂತೆಯಿಂದ ಒಂದು ದಪ್ಪ ವಹಿ ತಂದು, ಕೆಂಪು ಅರಿವೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದ. ನಮ್ಮ ಮನೆತನದ ಹಿಂದಿನವರ ಹೆಸರುಗಳನ್ನು ಹುಡುಕಿ ಅದರಲ್ಲಿ ಬರೆಸುವುದೇ ಅವನ ಹವ್ಯಾಸ. ಹೊಲದ ಕೆಲಸ ಕಡಿಮೆಯಾದಾಗ ಬೇರೆಯವರು ಎಲೆಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತರೆ, ಅಪ್ಪ ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ಗೋಕಾಕ, ಹುಕ್ಕೇರಿ ಕಡೆಯ ಬೀಗರ ಮನೆಗಳಿಗೆ ಹೋಗುತ್ತಿದ್ದ. ಅವನು ಮುದುಕರನ್ನು ಕೇಳುತ್ತಿದ್ದ, ನಾನು ಬರೆಯುತ್ತಿದ್ದೆ. "ನನ್ನ ಮಗ ಬರದದ್ದು ಕಲ್ಲಿನ ಮ್ಯಾಲಿನ ಗೆರಿ" ಎಂದು ಹೋದಲ್ಲೆಲ್ಲ ಹೇಳುತ್ತಿದ್ದ.

ಒಂದು ವರ್ಷ ನಮ್ಮ ಮನೆಗೆ ಹೆಳವ ಬಂದ. ಮನೆತನಗಳ ಹಿಂದಿನ ಕಥೆ ಹೇಳಿ ಕಾಳು ಪಡೆಯುವುದು ಹೆಳವರ ಕಸುಬು. ಅವನು ಎತ್ತಿನಿಂದ ಇಳಿದು, ಅಂಗಳದಲ್ಲಿ ಗಂಟೆ ಬಾರಿಸಿ, ನಮ್ಮ ಏಳು ತಲೆಮಾರಿನ ಗಂಡಸರ ಹೆಸರುಗಳನ್ನು ಎಲ್ಲೂ ತಡವರಿಸದೆ ಹೇಳಿದ. ಅಪ್ಪ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, "ಇವರನ್ನೆಲ್ಲ ಹಡದಾವ್ರ ಹೆಸರ ಏನ್ರಿ?" ಅಂದ.

"ಅದನ್ನ ಯಾರೂ ಕೇಳಾಂಗಿಲ್ರಿ ಯಜಮಾನ್ರ. ಹಿಂಗಾಗಿ ನಮ್ಮ ಹಿರ್ಯಾರೂ ಹೇಳಿಕೊಟ್ಟಿಲ್ಲ."

"ಹಂಗಾರ ಗಂಡಸರ ಗಂಡಸರನ್ನ ಹಡದ್ರೇನ್ರಿ?"

ಹೆಳವ ನಕ್ಕ. ಅಪ್ಪ ನಗಲಿಲ್ಲ.

ಆಗ ನಮ್ಮ ಕಡೆ ಮದುವೆಯಾದ ಹುಡುಗಿಗೆ ಗಂಡನ ಮನೆಯವರು ಬೇರೆ ಹೆಸರು ಇಡುತ್ತಿದ್ದರು. ಹೆತ್ತ ತಾಯಿ ಇಟ್ಟ ಹೆಸರು ತವರಿನಲ್ಲೇ ಉಳಿದು ಮರೆತುಹೋಗುತ್ತಿತ್ತು. ಅಪ್ಪನಿಗೆ ಬೇಕಾಗಿದ್ದದ್ದು ಆ ಹೆಸರು. ಅದನ್ನು ಬಲ್ಲವಳು ಒಬ್ಬಳೇ ಉಳಿದಿದ್ದಳು, ಕಲ್ಲೋಳಿಯಲ್ಲಿದ್ದ ಅಪ್ಪನ ಸೋದರತ್ತೆ. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ.

ನಸುಕಿನಲ್ಲಿ ಗಾಡಿ ಹೂಡಿ ಊಟದ ಹೊತ್ತಿಗೆ ಕಲ್ಲೋಳಿ ಮುಟ್ಟಿದೆವು. ಅದು ಕಬ್ಬು ಅರೆಯುವ ಕಾಲ. ಊರ ಹೊರಗಿನ ಗಾಣದಿಂದ ಕುದಿಯುವ ಕಬ್ಬಿನ ಹಾಲಿನ ಘಮ ಅಡುಗೆಮನೆಯವರೆಗೂ ಬರುತ್ತಿತ್ತು. ಆಯಿ ಒಲೆಯ ಮುಂದೆ ಕೂತಿದ್ದಳು, ಕಣ್ಣು ಮಂಜಾಗಿದ್ದವು. ಹೆಂಗಸರು ಕೂತಲ್ಲಿ ಹೊರಗಿನ ಗಂಡಸರು ಹೋಗುವ ರೂಢಿ ಇರಲಿಲ್ಲ. ಅಪ್ಪ ಪಡಸಾಲೆಯಲ್ಲಿ ಉಳಿದು, ವಹಿ ಕೊಟ್ಟು ನನ್ನನ್ನು ಒಳಗೆ ಕಳಿಸಿದ.

"ಹೆಂಗಸರ ಹೆಸರ ಯಾಕ ಬೇಕಂತ? ನಿಮ್ಮಪ್ಪ ಮತ್ತೊಂದ ಲಗ್ನಾ ಆಗಾಂವ ಅದಾನೇನ?" ಎಂದು ಆಯಿಯ ಸೊಸೆ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ನೀ ಸುಮ್ನ ರೊಟ್ಟಿ ಬಡಿ," ಅಂದಳು ಆಯಿ. "ಈ ಹೆಸರ ನಮ್ಮವ್ವ ನನಗ ಹೆರಳ ಹಾಕುವಾಗ ಹೇಳತಿದ್ಲು. ಇಷ್ಟ ವರ್ಷದಾಗ ಕೇಳಿದಾಂವ ಇವರಪ್ಪ ಒಬ್ಬನ. ಬರ್ಕೋ ತಮ್ಮಾ."

ನೀಲವ್ವ. ಬಾಳವ್ವ. ಗುರವ್ವ. ಒಂದೊಂದು ಹೆಸರಿಗೂ ಆಯಿ ಒಂದೊಂದು ಕಥೆ ಹೇಳಿದಳು, ನಾನು ದುಂಡಗೆ ಬರೆದೆ. ಅಷ್ಟರಲ್ಲಿ ಆಯಿಯ ಮೊಮ್ಮಗ ಹಿತ್ತಲ ಬಾಗಿಲಲ್ಲಿ ಇಣುಕಿ, "ಬಾರೋ, ಕೊಪ್ಪರಿಗಿ ಇಳಸಾಕತ್ತಾರ. ತಡಾ ಮಾಡಿದ್ರ ಬಿಸಿ ಬೆಲ್ಲ ಸಿಗಾಂಗಿಲ್ಲ" ಅಂದ. ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಪೆನ್ಸಿಲ್ ಇತ್ತು, ಮನಸ್ಸು ಗಾಣದಲ್ಲಿತ್ತು. ಆಯಿ ಹೇಳುತ್ತಲೇ ಇದ್ದಳು. ನಾನು ಹಾಳೆಯ ಮೇಲೆ ಸುಮ್ಮನೆ ಪೆನ್ಸಿಲ್ ಆಡಿಸಿದೆ.

"ಏಳೂ ಬರ್ಕೊಂಡ್ಯಾ?"

"ಹ್ಞೂಂ ಆಯಿ."

ಆಯಿ ನನ್ನ ತಲೆ ಸವರಿದಳು. ನಾನು ಓಡಿದೆ. ಗಾಣದ ಹತ್ತಿರ ಕೂತು, ಬೆಲ್ಲ ಅಂಟಿದ ಬೆರಳಿನಿಂದಲೇ ಉಳಿದ ನಾಲ್ಕು ಸಾಲು ತುಂಬಿದೆ. ಮೂರು ನಮ್ಮ ಓಣಿಯ ಹುಡುಗಿಯರ ಹೆಸರು. ಏಳನೆಯದು ಏನೂ ಹೊಳೆಯದೆ ನಮ್ಮ ಎಮ್ಮೆ ಗೌರಿಯ ಹೆಸರಿಗೆ 'ಅವ್ವ' ಸೇರಿಸಿ ಬರೆದೆ.

ಹಿಂತಿರುಗುವಾಗ ಅಪ್ಪ ಗಾಡಿ ನಿಲ್ಲಿಸಿ, ರುಮಾಲು ಸರಿಮಾಡಿಕೊಂಡು "ಓದು" ಅಂದ. ನಾನು ಓದಿದೆ. ಒಂದೊಂದನ್ನೂ ಅವನು ಮೆಲ್ಲಗೆ ತಿರುಗಿ ಹೇಳಿ ಬಾಯಿಪಾಠ ಮಾಡಿಕೊಂಡ. ಗೌರವ್ವ ಎಂದಾಗ ಗಲ್ಲ ಬಡಿದುಕೊಂಡ.

"ಆ ತಾಯಿ ಹೆಸರ ಗೊತ್ತಿಲ್ಲದನ ಎಮ್ಮಿಗೆ ಇಟ್ಟೇವಲ್ಲೋ. ನಾಳಿಯಿಂದ ಅದನ್ನ ಚಂದ್ರಿ ಅನ್ನೂಣು."

ಎಮ್ಮೆಯ ಹೆಸರು ನಿಜವಾಗಿಯೂ ಬದಲಾಯಿತು. ಮರುದಿನದಿಂದ ಅಪ್ಪ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಜಗಲಿಯ ಮುಂದೆ ನಿಂತು ಏಳು ತಾಯಂದಿರ ಹೆಸರು ಹೇಳಿ ಕೈಮುಗಿಯತೊಡಗಿದ. ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಅವನು ನನ್ನನ್ನು ಎಂದೂ ಹೊಡೆದವನಲ್ಲ, ಹೊಡೆತದ ಭಯವಿರಲಿಲ್ಲ. ಕಲ್ಲಿನ ಮೇಲಿನ ಗೆರೆ ಸುಳ್ಳೆಂದು ನನ್ನ ಬಾಯಿಂದಲೇ ಹೇಗೆ ಹೇಳಲಿ? ಒಂದು ಮಾತು ಹೇಳಿದ್ದರೆ ಅಪ್ಪ ಅಂದೇ ಮತ್ತೆ ಗಾಡಿ ಹೂಡುತ್ತಿದ್ದ. ಎರಡು ತಿಂಗಳಲ್ಲಿ ಆಯಿ ತೀರಿಕೊಂಡಳು. ಸುದ್ದಿ ಕೇಳಿ ಅಪ್ಪ, "ಪುಣ್ಯಾ, ನಾವು ಆಗಲೇ ಹೋಗಿ ಬಂದ್ವಿ" ಅಂದ. ತಾನು ಸಾಯುವ ದಿನದವರೆಗೂ ಆ ಏಳು ಹೆಸರು ಹೇಳುವುದನ್ನು ಬಿಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮಕ್ಕಳೇ, ಹೆರಿಗೆಮನೆಯ ಕಾಗದದಲ್ಲೇ ನಿಮ್ಮ ತಾಯಿಯ ಹೆಸರಿದೆ. ಶಾಲೆಯ ಅರ್ಜಿಯಲ್ಲೂ ಕೇಳುತ್ತಾರೆ. ನಿಮ್ಮ ಅವ್ವ ತವರಿನ ಹೆಸರಿನಲ್ಲೇ ಇಂದಿಗೂ ಸಹಿ ಮಾಡುತ್ತಾಳೆ. ನಮ್ಮ ಅಪ್ಪ ಅಂಥ ಒಂದು ಹೆಸರಿಗಾಗಿ ಅರ್ಧ ದಿನ ಗಾಡಿ ಹೊಡೆದ. ಓದಲು ಬಾರದವನು ಹುಡುಕಿದ, ಓದಲು ಬರುವವನು ಕಳೆದ.

ನಿನ್ನೆ ನೀವು ಅವನ ವಹಿ ನೋಡಿ, ಮೊಬೈಲಿನಲ್ಲಿ ಮನೆತನದ ಮರ ಬಿಡಿಸಿ, ಏಳೂ ಹೆಸರು ಹಾಕಿ ನನಗೆ ತೋರಿಸಿದಿರಿ. ಮೊದಲ ಮೂರು ಇರಲಿ. ಉಳಿದ ನಾಲ್ಕನ್ನು ಅಳಿಸಿಬಿಡಿ. ಆ ಜಾಗದಲ್ಲಿ ಬೇರೇನನ್ನೂ ತುಂಬಬೇಡಿ. ಅಲ್ಲಿ ನಾಲ್ವರು ತಾಯಂದಿರಿದ್ದಾರೆ. ಅವರ ಹೆಸರುಗಳು ಒಂದು ಮಧ್ಯಾಹ್ನ ನನ್ನ ಕಿವಿಯ ತನಕ ಬಂದಿದ್ದವು.