ಕಳ್ಳಿಯ ಮಣ್ಣಿಗೆ ಒಳ್ಳೆಮೆಣಸು

ಕಳೆದ ಭಾನುವಾರ ಸಂಜೆ ನಾನೂ ನನ್ನ ಗಂಡನೂ ಜಗಲಿಯಲ್ಲಿ ಕುಳಿತು ಇದ್ದಿಲು ಅಗಿದೆವು. ನಗಬೇಡಿ. ಬಾಯಿ ಮಸಿಯಾದವರ ಕಷ್ಟ ನಿಮಗೇನು ಗೊತ್ತು?

ಇಲ್ಲೇ ಹತ್ತಿರದ ಸವಣೂರಿನ ಶೋಭಾ ನನ್ನ ಶಾಲೆಯಲ್ಲೇ ಟೀಚರ್. ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೊರಟವಳು ತನ್ನ ಹನ್ನೆರಡು ವರ್ಷದ ಕ್ಯಾಕ್ಟಸನ್ನು ಪುತ್ತೂರಿನ ನಮ್ಮ ಮನೆಯಲ್ಲಿ ಬಿಟ್ಟಳು.

"ಇದಕ್ಕೆ ಎಂತದೂ ಮಾಡ್ಬೇಡಿ ಮಾರಾಯ್ರೆ. ಸುಮ್ಮನೆ ಇಟ್ಟರೆ ಸಾಕು."

ಕಂಪೌಂಡು ಗೋಡೆಯ ಮೇಲೆ, ಮಳೆ ತಾಗದ ಕಡೆ, ಸುಮ್ಮನೆ ಇಟ್ಟೆ. ಎರಡೇ ತಿಂಗಳಲ್ಲಿ ಬುಡ ಕೊಳೆತು ಮೆತ್ತಗಾಯಿತು! ಅವಳು ಬರಲು ಇನ್ನೊಂದೇ ವಾರ.

ಮಣ್ಣು ಸರಿಯಿಲ್ಲ ಎಂದಿತು ಯೂಟ್ಯೂಬ್. (ಯೂಟ್ಯೂಬ್ ಯಾವತ್ತಾದರೂ "ನೀನೇ ಸರಿಯಿಲ್ಲ" ಎಂದದ್ದುಂಟಾ?) ಸರಿ, ಪಾಟಿಂಗ್ ಮಿಕ್ಸ್ ಮನೆಯಲ್ಲೇ ಮಾಡಲು ಹೊರಟೆ. ಒಂದು ಪಾಲು ಮಣ್ಣು, ಎರಡು ಪಾಲು ಹೊಳೆಯ ಹೊಯ್ಗೆ (ಮರಳು), ಒಂದಿಷ್ಟು ಕೆಂಪುಕಲ್ಲಿನ ಚೂರು, ತೆಂಗಿನ ಗೆರಟೆ ಸುಟ್ಟ ಇದ್ದಿಲು. ಇದ್ದಿಲನ್ನು ಕುಟ್ಟಿ, ತೊಳೆದು, ಅಂಗಳದಲ್ಲಿ ಚಾಪೆ ಹಾಸಿ ಒಣಹಾಕಿದೆ. ಪಕ್ಕದ ಚಾಪೆಯಲ್ಲಿ ವರ್ಷಕ್ಕಾಗುವಷ್ಟು ಒಳ್ಳೆಮೆಣಸು, ಅಂದರೆ ಕಾಳುಮೆಣಸು, ಒಣಗುತ್ತಿತ್ತು.

ನಾವು ಪೇಟೆಗೆ ಹೋದಾಗ ಮಳೆ ಬಂತು. ನಮ್ಮ ಕಡೆ ಮಳೆ ಬಂದರೆ ಅಂಗಳದಲ್ಲಿ ಒಣಗುವುದು ಯಾರದ್ದೆಂದು ಯಾರೂ ಕೇಳುವುದಿಲ್ಲ. ಹತ್ತಿರ ಇದ್ದವರು ಓಡಿಬಂದು ಬಾಚುತ್ತಾರೆ. ಆಚೆಮನೆ ಜೋಹರಕ್ಕ ಹಾಗೇ ಓಡಿಬಂದಿದ್ದರು.

"ಎಲ್ಲ ಒಂದೇ ಗೋಣಿಗೆ ತುಂಬಿಸಿದ್ದೇನೆ ಟೀಚರೇ. ಒಂದು ಕಾಳೂ ನೆನೆದು ಚಂಡಿ ಆಗ್ಲಿಲ್ಲ!"

ಇದ್ದಿಲನ್ನು ಬಿಸಿಲಿಗೆ ಒಣಗಿಸುವ ಹೆಂಗಸು ಪಕ್ಕದಲ್ಲೇ ಇದ್ದಾಳೆಂದು ಅವರಿಗೇನು ಕನಸು ಬಿದ್ದಿತ್ತೇ? ಥ್ಯಾಂಕ್ಸ್ ಹೇಳಿ ಚಹಾ ಕೊಟ್ಟೆ.

ಆಮೇಲೆ ಇದ್ದಿಲು ಬೇರೆ, ಮೆಣಸು ಬೇರೆ ಹೆಕ್ಕುವ ಕೆಲಸ. ಎರಡೂ ಕಪ್ಪು, ಎರಡೂ ಒಂದೇ ಗಾತ್ರ. ನಮ್ಮದೋ ಚಾಳೀಸು ದಾಟಿದ ಕಣ್ಣು.

"ಅಗಿದು ನೋಡುವ," ಎಂದರು ಇವರು. "ಖಾರ ಆದ್ರೆ ಸಾರಿಗೆ, ಇಲ್ಲದಿದ್ರೆ ಕಳ್ಳಿಗೆ."

(ಅಗಿದದ್ದನ್ನು ಸಾರಿಗೆ ಹಾಕುವುದು ಹೇಗೆಂದು ಇಬ್ಬರಿಗೂ ಹೊಳೆಯಲಿಲ್ಲ.)

ಹೀಗೆ ಬಾಯಿ ಮಸಿಯಾಗಿ, ಕಣ್ಣುಮೂಗಲ್ಲಿ ನೀರಿಳಿಯುತ್ತಿರುವಾಗ ಗೇಟು ತೆರೆಯಿತು. ಶೋಭಾ! ಹೇಳಿದ ದಿನಕ್ಕಿಂತ ಮೊದಲೇ! ನಮ್ಮ ಮುಖ ನೋಡಿದಳು. ಕ್ಯಾಕ್ಟಸಿನ ಬುಡ ಒತ್ತಿದಳು, ಮಣ್ಣಿಗೆ ಬೆರಳಿಟ್ಟಳು. ಅವಳ ಕಣ್ಣು ತುಂಬಿತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಮಣ್ಣಿಗೆ ಎಂತ ಆಗಿದೆ? ಇದಕ್ಕೆ ನೀರು ಹಾಕಿದ್ದು ಯಾರು?"

"ನಾನಲ್ಲ" ಎಂದೆ. "ನಾನಂತೂ ಅಲ್ಲ" ಎಂದರು ಇವರು.

ಕಂಪೌಂಡಿನಾಚೆ ಜೋಹರಕ್ಕನ ತಲೆ ಕಾಣಿಸಿತು. "ನಾನೇ ದಿನಾ ಎರಡು ಚೆಂಬು ಹಾಕುದು ಟೀಚರೇ. ಪಾಪ, ಮೈಯಲ್ಲಿ ಒಂದು ಎಲೆ ಕೂಡ ಇಲ್ಲ ಅಲ್ವಾ ಅದಕ್ಕೆ!"

ಹೇಳಿ, ಇಷ್ಟೊಂದು ಪ್ರೀತಿ ಬಸಿದುಹೋಗುವಂಥ ಮಣ್ಣಿನ ರೆಸಿಪಿ ನಿಮ್ಮಲ್ಲಿ ಯಾರ ಹತ್ತಿರವಾದರೂ ಉಂಟಾ?